ಹಗುರ ಬ್ಲಾಕ್ ಸೈಫರ್‌ಗಳ ಮೇಲಿನ ಡಿಫರೆನ್ಷಿಯಲ್ ದಾಳಿಯಲ್ಲಿ ಕೀಲಿಪತ್ತೆ

ಕೀಲಿಪತ್ತೆ ಎಂಬುದು ಬ್ಲಾಕ್ ಸೈಫರ್‌ಗಳ ಮೇಲೆ ನಡೆಸುವ ಡಿಫರೆನ್ಷಿಯಲ್ ದಾಳಿಯ ಎರಡನೆಯ ಮತ್ತು ಕೊನೆಯ ಹಂತ. ಮೊದಲ ಹಂತದಲ್ಲಿ ವಿಶ್ಲೇಷಕನು ಸೈಫರಿನ ಒಳಗೆ ಹೆಚ್ಚಿನ ಸಂಭವನೀಯತೆಯಿಂದ ಸಾಗುವ ಒಂದು ವ್ಯತ್ಯಾಸಪಥವನ್ನು ಹುಡುಕುತ್ತಾನೆ. ಎರಡನೆಯ ಹಂತದಲ್ಲಿ ಆ ಪಥದ ಹಿಂದೆ ಮುಂದೆ ಕೆಲವು ಸುತ್ತುಗಳನ್ನು ಸೇರಿಸಿ, ಅವುಗಳಲ್ಲಿ ಬಳಕೆಯಾಗಿರುವ ರಹಸ್ಯಕೀಲಿಯ ಬಿಟ್‌ಗಳನ್ನು ಊಹೆ ಮತ್ತು ಪರೀಕ್ಷೆಗಳ ಮೂಲಕ ಹೊರತೆಗೆಯುತ್ತಾನೆ. ಪಥ ಎಷ್ಟೇ ಚೆನ್ನಾಗಿದ್ದರೂ ಊಹೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದು ತಿಳಿಯದಿದ್ದರೆ ದಾಳಿಯ ವೆಚ್ಚ ಎಲ್ಲ ಕೀಲಿಗಳನ್ನೂ ಒಂದೊಂದಾಗಿ ಪ್ರಯತ್ನಿಸುವ ವೆಚ್ಚವನ್ನು ಮೀರಿಬಿಡುತ್ತದೆ. ಆದ್ದರಿಂದ ಒಂದೇ ಪಥವನ್ನು ಇಟ್ಟುಕೊಂಡು ಕೀಲಿಪತ್ತೆಯನ್ನಷ್ಟೇ ಸುಧಾರಿಸಿ ಇನ್ನೂ ಒಂದೆರಡು ಸುತ್ತುಗಳನ್ನು ಭೇದಿಸಿರುವ ಉದಾಹರಣೆಗಳು ಈ ಶಾಸ್ತ್ರದ ಇತಿಹಾಸದಲ್ಲಿವೆ. ಹಗುರ ಸೈಫರ್‌ಗಳ ಭದ್ರತೆಯ ಅಂತರವನ್ನು ಅಳೆಯುವಲ್ಲಿ ಈ ಒಂದೆರಡು ಸುತ್ತುಗಳಿಗೇ ಬೆಲೆ.

ಹಿನ್ನೆಲೆ

ಬ್ಲಾಕ್ ಸೈಫರ್ ನಿಗದಿತ ಉದ್ದದ ಮಾಹಿತಿಯ ತುಂಡನ್ನು, ಅಂದರೆ ಬ್ಲಾಕನ್ನು, ಒಂದು ರಹಸ್ಯಕೀಲಿಯ ನೆರವಿನಿಂದ ಗೂಢಪಠ್ಯವಾಗಿ ಪರಿವರ್ತಿಸುತ್ತದೆ. ಪರಿವರ್ತನೆ ಒಂದೇ ಏಟಿಗೆ ಆಗುವುದಿಲ್ಲ. ಒಂದೇ ಬಗೆಯ ಸರಳ ಕ್ರಿಯೆಯನ್ನು ಹಲವು ಸುತ್ತು ಪುನರಾವರ್ತಿಸಲಾಗುತ್ತದೆ. ಪ್ರತಿ ಸುತ್ತಿನಲ್ಲಿ ಸಾಮಾನ್ಯವಾಗಿ ಮೂರು ಕೆಲಸಗಳಿರುತ್ತವೆ: ಆ ಸುತ್ತಿನ ಕೀಲಿಯನ್ನು ಬೆರೆಸುವುದು, ಬಿಟ್‌ಗಳ ಪುಟ್ಟ ಗುಂಪುಗಳನ್ನು ಎಸ್-ಬಾಕ್ಸ್ ಎಂಬ ಕೋಷ್ಟಕದ ಮೂಲಕ ಬದಲಾಯಿಸುವುದು, ಬಿಟ್‌ಗಳ ಸ್ಥಾನಗಳನ್ನು ಕಲಸುವುದು. ಸುತ್ತುಗಳು ಹೆಚ್ಚಿದಷ್ಟೂ ಭದ್ರತೆ ಹೆಚ್ಚು. ಆದರೆ ಕಾಲ ಮತ್ತು ವಿದ್ಯುತ್ತಿನ ಖರ್ಚೂ ಹೆಚ್ಚು.

ಸರಕುಗಳಿಗೆ ಅಂಟಿಸುವ ಆರ್‌ಎಫ್‌ಐಡಿ ಪಟ್ಟಿ, ಬ್ಯಾಟರಿಯಲ್ಲಿ ನಡೆಯುವ ಸಂವೇದಕ ಮುಂತಾದ ಸಾಧನಗಳಲ್ಲಿ ದೊಡ್ಡ ಸೈಫರನ್ನು ಅಳವಡಿಸಲು ಜಾಗವಿರುವುದಿಲ್ಲ. ಅಂಥವುಗಳಿಗೆಂದೇ ರೂಪಿಸಿದವು ಹಗುರ ಸೈಫರ್‌ಗಳು. ಇವುಗಳಲ್ಲಿ ಪ್ರಸಿದ್ಧವಾದದ್ದು 2007ರಲ್ಲಿ ಪ್ರಕಟವಾದ ಪ್ರೆಸೆಂಟ್. ಇದರ ಬ್ಲಾಕ್ 64 ಬಿಟ್, ಕೀಲಿ 80 ಅಥವಾ 128 ಬಿಟ್, ಸುತ್ತುಗಳು 31. ವಿನ್ಯಾಸಕಾರರ ಲೆಕ್ಕದಂತೆ ಚಿಪ್ಪಿನ ಮೇಲೆ ಸುಮಾರು 1570 ಗೇಟ್‌ಗಳಷ್ಟು ಜಾಗ ಇದಕ್ಕೆ ಸಾಕು. 2012ರಲ್ಲಿ ಇದು ಐಎಸ್ಒ/ಐಇಸಿ 29192-2 ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿತು. ರೆಕ್ಟ್ಯಾಂಗಲ್, 2017ರ ಗಿಫ್ಟ್ ಮೊದಲಾದವು ಇದೇ ಕುಟುಂಬಕ್ಕೆ ಸೇರಿದ ಸೈಫರ್‌ಗಳು. ಕಡಿಮೆ ಜಾಗದಲ್ಲಿ ಕೆಲಸ ಮುಗಿಸಬೇಕೆಂಬ ಕಾರಣಕ್ಕೆ ಇವುಗಳ ಎಸ್-ಬಾಕ್ಸ್ ಪುಟ್ಟದು, ಬಿಟ್ ಕಲಸುವಿಕೆ ಬರಿಯ ಸ್ಥಾನಪಲ್ಲಟ, ಸುತ್ತುಕೀಲಿಗಳನ್ನು ತಯಾರಿಸುವ ಕ್ರಮವೂ ಸರಳ. ಈ ಮೂರು ಸರಳತೆಗಳನ್ನೇ ಕೀಲಿಪತ್ತೆಯ ವಿಧಾನಗಳು ಬಳಸಿಕೊಳ್ಳುತ್ತವೆ.

ವ್ಯತ್ಯಾಸದ ಲೆಕ್ಕ

ಡಿಫರೆನ್ಷಿಯಲ್ ದಾಳಿಯಲ್ಲಿ ವಿಶ್ಲೇಷಕನು ಒಂದು ಸಂದೇಶವನ್ನಲ್ಲ, ಸಂದೇಶಗಳ ಜೋಡಿಯನ್ನು ಗಮನಿಸುತ್ತಾನೆ. ಎರಡು ಸಂಖ್ಯೆಗಳ ವ್ಯತ್ಯಾಸವೆಂದರೆ ಇಲ್ಲಿ ಸಾಮಾನ್ಯ ಕಳೆಯುವಿಕೆಯಲ್ಲ; ದ್ವಿಮಾನ ರೂಪದಲ್ಲಿ ಬಿಟ್‌ಗೆ ಬಿಟ್ ಹೋಲಿಸಿ, ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಎಂದು ಬರೆಯುವ ಎಕ್ಸಾರ್ ಕ್ರಿಯೆ. ಇದನ್ನು ⊕ ಎಂಬ ಚಿಹ್ನೆಯಿಂದ ಸೂಚಿಸುತ್ತಾರೆ. 6 ಎಂದರೆ 0110, 3 ಎಂದರೆ 0011; ಆದ್ದರಿಂದ 6 ⊕ 3 = 0101, ಅಂದರೆ 5.

ಈ ಕ್ರಿಯೆಯ ವಿಶೇಷವೇನೆಂದರೆ, ಜೋಡಿಯ ಎರಡೂ ಸಂಖ್ಯೆಗಳಿಗೆ ಒಂದೇ ಕೀಲಿಯನ್ನು ಬೆರೆಸಿದಾಗ ಅವುಗಳ ವ್ಯತ್ಯಾಸ ಬದಲಾಗುವುದಿಲ್ಲ. ಕೀಲಿ ಎರಡೂ ಕಡೆ ಸೇರಿ ತಾನೇ ರದ್ದಾಗುತ್ತದೆ. ಬಿಟ್‌ಗಳ ಸ್ಥಾನಪಲ್ಲಟವೂ ವ್ಯತ್ಯಾಸವನ್ನು ಖಚಿತವಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತದೆ. ಅನಿಶ್ಚಿತತೆ ಹುಟ್ಟುವುದು ಎಸ್-ಬಾಕ್ಸ್‌ನಲ್ಲಿ ಮಾತ್ರ.

ಪ್ರೆಸೆಂಟ್ ಸೈಫರಿನ ಎಸ್-ಬಾಕ್ಸ್ 0ರಿಂದ 15ರವರೆಗಿನ ಒಳಸಂಖ್ಯೆಗಳಿಗೆ ಕ್ರಮವಾಗಿ 12, 5, 6, 11, 9, 0, 10, 13, 3, 14, 15, 8, 4, 7, 1, 2 ಎಂಬ ಹೊರಸಂಖ್ಯೆಗಳನ್ನು ಕೊಡುತ್ತದೆ. ಒಳವ್ಯತ್ಯಾಸ 1 ಇರುವ ಎಂಟು ಜೋಡಿಗಳನ್ನು, ಅಂದರೆ 0 ಮತ್ತು 1, 2 ಮತ್ತು 3 ಎಂದು ಮುಂದುವರಿಸಿ, ಕೈಯಿಂದಲೇ ಲೆಕ್ಕ ಹಾಕಬಹುದು. ಹೊರವ್ಯತ್ಯಾಸಗಳು ಕ್ರಮವಾಗಿ 9, 13, 9, 7, 13, 7, 3, 3 ಎಂದು ಬರುತ್ತವೆ. ಹದಿನಾರು ಹೊರವ್ಯತ್ಯಾಸಗಳು ಸಾಧ್ಯವಿರುವಂತೆ ಕಂಡರೂ ಬಂದದ್ದು 3, 7, 9, 13 ಎಂಬ ನಾಲ್ಕೇ. ಪ್ರತಿಯೊಂದರ ಸಂಭವನೀಯತೆ ನಾಲ್ಕರಲ್ಲಿ ಒಂದು. ವಿದ್ಯಾರ್ಥಿಗಳು ಕಾಗದದ ಮೇಲೆ ಇದನ್ನೊಮ್ಮೆ ಮಾಡಿನೋಡುವುದು ಒಳ್ಳೆಯದು. ಮುಂದಿನ ಭಾಗವೆಲ್ಲ ಈ ಪುಟ್ಟ ಲೆಕ್ಕದ ಮೇಲೆಯೇ ನಿಂತಿದೆ.

ಒಂದು ಕಿರು ಉದಾಹರಣೆ

ಕೀಲಿ ಹೇಗೆ ಹೊರಬೀಳುತ್ತದೆ ಎಂಬುದನ್ನು ಒಂದೇ ಎಸ್-ಬಾಕ್ಸ್‌ನಿಂದ ತೋರಿಸಬಹುದು. ನಾಲ್ಕು ಬಿಟ್‌ಗಳ ಒಂದು ರಹಸ್ಯಕೀಲಿಯಿದೆ ಎನ್ನೋಣ. ಒಳಸಂಖ್ಯೆಗೆ ಮೊದಲು ಕೀಲಿಯನ್ನು ಬೆರೆಸಿ, ಫಲಿತಾಂಶವನ್ನು ಎಸ್-ಬಾಕ್ಸ್‌ಗೆ ಕೊಡಲಾಗುತ್ತದೆ. ವಿಶ್ಲೇಷಕನಿಗೆ ಒಳಸಂಖ್ಯೆಗಳು ಗೊತ್ತು, ಹೊರವ್ಯತ್ಯಾಸ ಗೊತ್ತು, ಕೀಲಿ ಗೊತ್ತಿಲ್ಲ.

ಆತ 6 ಮತ್ತು 7 ಎಂಬ ಜೋಡಿಯನ್ನು ಕಳುಹಿಸಿದಾಗ ಹೊರವ್ಯತ್ಯಾಸ 9 ಬಂತು. ಮೇಲಿನ ಪಟ್ಟಿಯಂತೆ, ಒಳವ್ಯತ್ಯಾಸ 1 ಇದ್ದು ಹೊರವ್ಯತ್ಯಾಸ 9 ಬರಬೇಕಾದರೆ ಎಸ್-ಬಾಕ್ಸ್‌ಗೆ ಹೋದ ಸಂಖ್ಯೆ 0, 1, 4, 5 ಇವುಗಳಲ್ಲಿ ಒಂದಾಗಿರಲೇಬೇಕು. ಆದ್ದರಿಂದ ಕೀಲಿಯು 0 ⊕ 6, 1 ⊕ 6, 4 ⊕ 6, 5 ⊕ 6 ಇವುಗಳಲ್ಲಿ ಒಂದು; ಅಂದರೆ 6, 7, 2 ಅಥವಾ 3. ಹದಿನಾರು ಅಭ್ಯರ್ಥಿಗಳು ಒಂದೇ ಜೋಡಿಯಿಂದ ನಾಲ್ಕಕ್ಕೆ ಇಳಿದವು.

ಮುಂದೆ ಆತ 2 ಮತ್ತು 0 ಎಂಬ ಜೋಡಿಯನ್ನು ಕಳುಹಿಸುತ್ತಾನೆ. ಇಲ್ಲಿ ಒಳವ್ಯತ್ಯಾಸ 2. ಹೊರವ್ಯತ್ಯಾಸ 14 ಬಂತು. ಒಳವ್ಯತ್ಯಾಸ 2ರಿಂದ 14 ಬರುವುದು 1 ಮತ್ತು 3 ಎಂಬ ಜೋಡಿಯಿಂದ ಮಾತ್ರ. ಹಾಗಾದರೆ ಕೀಲಿ 1 ⊕ 2 ಅಥವಾ 3 ⊕ 2, ಅಂದರೆ 3 ಅಥವಾ 1. ಎರಡೂ ಪಟ್ಟಿಗಳಲ್ಲಿ ಇರುವುದು 3 ಒಂದೇ. ಕೀಲಿ ಪತ್ತೆಯಾಯಿತು.

ನಿಜವಾದ ಸೈಫರಿನಲ್ಲಿ ಇಷ್ಟು ಸುಲಭವಿಲ್ಲ, ಏಕೆಂದರೆ ನಡುವಿನ ಸುತ್ತುಗಳ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಅದು ಪಥದಂತೆ ಇರಬಹುದೆಂದು ಭಾವಿಸಿಕೊಳ್ಳಬೇಕು. ಭಾವನೆ ನಿಜವಾದ ಜೋಡಿಯನ್ನು ಸರಿಜೋಡಿ ಎಂದೂ, ಉಳಿದವನ್ನು ತಪ್ಪುಜೋಡಿ ಎಂದೂ ಕರೆಯುತ್ತಾರೆ. ಸರಿಜೋಡಿ ನಿಜವಾದ ಕೀಲಿಯನ್ನು ತಪ್ಪದೆ ಸೂಚಿಸುತ್ತದೆ. ತಪ್ಪುಜೋಡಿಗಳು ಮನಬಂದ ಕೀಲಿಗಳನ್ನು ಸೂಚಿಸುತ್ತವೆ. ಎಲ್ಲ ಸೂಚನೆಗಳನ್ನೂ ಎಣಿಸಿದಾಗ ನಿಜವಾದ ಕೀಲಿಯ ಎಣಿಕೆ ಉಳಿದವುಗಳಿಗಿಂತ ಮೇಲೆ ನಿಲ್ಲಬೇಕು.

ಇತಿಹಾಸ

ಡಿಫರೆನ್ಷಿಯಲ್ ವಿಶ್ಲೇಷಣೆಯನ್ನು ಬಹಿರಂಗವಾಗಿ ಮಂಡಿಸಿದವರು ಇಸ್ರೇಲಿನ ಎಲಿ ಬಿಹಾಮ್ ಮತ್ತು ಆದಿ ಶಮೀರ್. 1990ರ ಕ್ರಿಪ್ಟೋ ಸಮ್ಮೇಳನದಲ್ಲಿ ಅವರು ಅಂದಿನ ಅಮೆರಿಕನ್ ಮಾನಕವಾಗಿದ್ದ ಡಿಇಎಸ್ ಸೈಫರಿನ 15 ಸುತ್ತುಗಳ ರೂಪವನ್ನು ಎಲ್ಲ ಕೀಲಿಗಳ ಹುಡುಕಾಟಕ್ಕಿಂತ ವೇಗವಾಗಿ ಭೇದಿಸುವುದನ್ನು ತೋರಿಸಿದರು. ಆದರೆ ಪೂರ್ಣ ಡಿಇಎಸ್‌ಗೆ 16 ಸುತ್ತು. ಅದಕ್ಕೆ ಅವರ ಅಂದಿನ ವಿಧಾನದ ವೆಚ್ಚ 2⁵⁸. ಡಿಇಎಸ್ ಕೀಲಿ 56 ಬಿಟ್‌ಗಳದ್ದಾದ್ದರಿಂದ ಈ ದಾಳಿಯಿಂದ ಲಾಭವಿರಲಿಲ್ಲ.

ಎರಡು ವರ್ಷಗಳ ನಂತರ ಅವರೇ ಪೂರ್ಣ 16 ಸುತ್ತುಗಳನ್ನು 2⁴⁷ ಆಯ್ದ ಸರಳಪಠ್ಯಗಳಿಂದ ಭೇದಿಸಿದರು. ಕುತೂಹಲದ ಸಂಗತಿಯೆಂದರೆ ಆ ನಡುವೆ ಅವರು ಹೆಚ್ಚು ಉತ್ತಮವಾದ ಪಥವನ್ನೇನೂ ಕಂಡುಹಿಡಿದಿರಲಿಲ್ಲ. 13 ಸುತ್ತುಗಳ, ಸುಮಾರು 2⁻⁴⁷ ಸಂಭವನೀಯತೆಯ ಪಥವನ್ನೇ ಇಟ್ಟುಕೊಂಡು ಅವರು ಎರಡು ಬದಲಾವಣೆ ಮಾಡಿದರು. ಸರಳಪಠ್ಯಗಳನ್ನು ಗುಂಪುಗುಂಪಾಗಿ ಆಯ್ದು, ಸಂಭವನೀಯತೆ ಕುಗ್ಗದಂತೆ ಪಥದ ಮುಂಭಾಗಕ್ಕೆ ಇನ್ನೊಂದು ಸುತ್ತನ್ನು ಸೇರಿಸಿದರು. ಅಭ್ಯರ್ಥಿ ಕೀಲಿಗಳನ್ನು ಬೃಹತ್ ಪಟ್ಟಿಯಲ್ಲಿ ಎಣಿಸುವುದನ್ನು ಬಿಟ್ಟು, ಜೋಡಿಯೊಂದು ಸೂಚಿಸಿದ ಕೀಲಿಯನ್ನು ಆ ಕ್ಷಣವೇ ಪರೀಕ್ಷಿಸಿದರು. ಕೀಲಿಪತ್ತೆಯ ಸುಧಾರಣೆಯೊಂದೇ ದಾಳಿಯನ್ನು ಗಡಿ ದಾಟಿಸಿದ ಮೊದಲ ದೊಡ್ಡ ಉದಾಹರಣೆ ಇದು. ಸಾಮಾನ್ಯ ಪಠ್ಯಗಳಲ್ಲಿ ವ್ಯತ್ಯಾಸಪಥಕ್ಕೆ ಸಿಗುವಷ್ಟು ಪುಟಗಳು ಇದಕ್ಕೆ ಸಿಕ್ಕಿಲ್ಲ ಎನ್ನಬೇಕು.

1994ರಲ್ಲಿ ಐಬಿಎಂ ಸಂಸ್ಥೆಯ ಡಾನ್ ಕಾಪರ್‌ಸ್ಮಿತ್ ಒಂದು ಲೇಖನ ಪ್ರಕಟಿಸಿ, ಡಿಇಎಸ್ ರೂಪಿಸಿದ ತಂಡಕ್ಕೆ ಈ ದಾಳಿ 1974ರಲ್ಲಿಯೇ ತಿಳಿದಿತ್ತೆಂದೂ, ಎಸ್-ಬಾಕ್ಸ್‌ಗಳನ್ನು ಅದನ್ನು ಎದುರಿಸುವಂತೆಯೇ ರಚಿಸಲಾಗಿತ್ತೆಂದೂ ತಿಳಿಸಿದರು. ಇಪ್ಪತ್ತು ವರ್ಷ ಈ ಸಂಗತಿ ಗುಟ್ಟಾಗಿಯೇ ಉಳಿದಿತ್ತು.

ಪಥ ಮತ್ತು ಸೇರ್ಪಡೆ ಸುತ್ತುಗಳು

ಪ್ರೆಸೆಂಟ್ ವಿನ್ಯಾಸಕಾರರು ತಮ್ಮ ಸೈಫರಿನ ಯಾವುದೇ 5 ಸುತ್ತುಗಳ ಪಥವು ಕನಿಷ್ಠ 10 ಎಸ್-ಬಾಕ್ಸ್‌ಗಳನ್ನು ಮುಟ್ಟಲೇಬೇಕೆಂದು ಸಾಧಿಸಿ ತೋರಿಸಿದ್ದಾರೆ. ಪ್ರತಿ ಎಸ್-ಬಾಕ್ಸ್‌ನಲ್ಲಿ ಸಂಭವನೀಯತೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಹಾಗಾಗಿ 25 ಸುತ್ತುಗಳಿಗೆ ಕನಿಷ್ಠ 50 ಎಸ್-ಬಾಕ್ಸ್‌ಗಳಾಗಿ, ಒಂದೊಂದು ಪಥದ ಸಂಭವನೀಯತೆ 2⁻¹⁰⁰ ದಾಟಲಾರದು. 64 ಬಿಟ್ ಬ್ಲಾಕಿನಲ್ಲಿ ಒಟ್ಟು ಇರುವ ಸರಳಪಠ್ಯಗಳೇ 2⁶⁴. ಆದ್ದರಿಂದ ಅಷ್ಟು ಉದ್ದದ ಪಥದಿಂದ ಪ್ರಯೋಜನವಿಲ್ಲ.

2008ರಲ್ಲಿ ಚೀನಾದ ಮೆಯ್‌ಚಿನ್ ವಾಂಗ್ 14 ಸುತ್ತುಗಳಿಗೆ 2⁻⁶² ಸಂಭವನೀಯತೆಯ ಪಥಗಳನ್ನು ಬಳಸಿ, ಕೊನೆಯಲ್ಲಿ 2 ಸುತ್ತುಗಳನ್ನು ಸೇರಿಸಿ, 16 ಸುತ್ತುಗಳ ಪ್ರೆಸೆಂಟ್ ಮೇಲೆ ದಾಳಿಯನ್ನು ಮಂಡಿಸಿದರು. ಅದಕ್ಕೆ ಬೇಕಾದ ಸರಳಪಠ್ಯಗಳು 2⁶⁴, ಅಂದರೆ ಇರುವಷ್ಟೂ. ಪಥವನ್ನು ಉದ್ದ ಮಾಡಲು ಇನ್ನು ಅವಕಾಶವಿಲ್ಲದ ಸ್ಥಿತಿ ಅದು. ಮುಂದೆ ಹೋಗಬೇಕಾದರೆ ದಾರಿ ಒಂದೇ: ಪಥದ ಎರಡೂ ಬದಿಗೆ ಹೆಚ್ಚು ಸುತ್ತುಗಳನ್ನು ಸೇರಿಸಿ, ಅವುಗಳ ಕೀಲಿಯನ್ನು ಅಗ್ಗವಾಗಿ ಊಹಿಸುವುದು.

ಸುಧಾರಣೆಯ ವಿಧಾನಗಳು

ಸರಳಪಠ್ಯಗಳನ್ನು ಗುಂಪಾಗಿ ಆಯುವುದು ಇವುಗಳಲ್ಲಿ ಹಳೆಯದು. ಪಥದ ಹಿಂದೆ ಒಂದು ಸುತ್ತು ಸೇರಿಸಿದಾಗ ಆ ಸುತ್ತಿನಲ್ಲಿ 4 ಎಸ್-ಬಾಕ್ಸ್‌ಗಳು, ಅಂದರೆ 16 ಬಿಟ್‌ಗಳು, ವ್ಯತ್ಯಾಸ ಹೊಂದಬಹುದು ಎನ್ನೋಣ. ಉಳಿದ ಬಿಟ್‌ಗಳನ್ನು ಸ್ಥಿರವಾಗಿಟ್ಟು ಈ 16 ಬಿಟ್‌ಗಳಿಗೆ ಎಲ್ಲ ಬೆಲೆಗಳನ್ನೂ ಕೊಟ್ಟರೆ 65,536 ಸರಳಪಠ್ಯಗಳ ಒಂದು ಗುಂಪಾಗುತ್ತದೆ. ಆ ಗುಂಪಿನಿಂದ ಹೊರಡುವ ಜೋಡಿಗಳು 214 ಕೋಟಿಗೂ ಹೆಚ್ಚು. ಮದುವೆಮನೆಯಲ್ಲಿ ನೂರು ಜನ ಸೇರಿದರೆ ಪರಸ್ಪರ ನಮಸ್ಕಾರಗಳು 4,950 ಆಗುವಂತೆಯೇ ಇದು. ಖರ್ಚಾಗುವುದು ಸರಳಪಠ್ಯಗಳು, ದೊರೆಯುವುದು ಜೋಡಿಗಳು, ಅದರಲ್ಲಿಯೇ ಉಳಿತಾಯ.

ಜೋಡಿಗಳು ಹೆಚ್ಚಿದರೆ ತಪ್ಪುಜೋಡಿಗಳೂ ಹೆಚ್ಚುತ್ತವೆ. ಆದ್ದರಿಂದ ಕೀಲಿಯನ್ನು ಊಹಿಸುವ ಮೊದಲೇ ಸಾಧ್ಯವಾದಷ್ಟನ್ನು ಸೋಸಬೇಕು. ಪ್ರೆಸೆಂಟ್ ಸೈಫರಿನಲ್ಲಿ ಒಂದು ಎಸ್-ಬಾಕ್ಸ್‌ನ ನಾಲ್ಕು ಹೊರಬಿಟ್‌ಗಳು ಮುಂದಿನ ಸುತ್ತಿನ ನಾಲ್ಕು ಬೇರೆಬೇರೆ ಎಸ್-ಬಾಕ್ಸ್‌ಗಳಿಗೆ ಹೋಗುತ್ತವೆ. ಪಥದ ಕೊನೆಯ ವ್ಯತ್ಯಾಸ 2 ಎಸ್-ಬಾಕ್ಸ್‌ಗಳನ್ನು ಮಾತ್ರ ಮುಟ್ಟಿದ್ದರೆ, ಅದರ ಮುಂದಿನ ಸುತ್ತಿನಲ್ಲಿ ಹೆಚ್ಚೆಂದರೆ 8 ಎಸ್-ಬಾಕ್ಸ್‌ಗಳಿಗೆ ವ್ಯತ್ಯಾಸ ತಲುಪೀತು. ಉಳಿದ 8 ಎಸ್-ಬಾಕ್ಸ್‌ಗಳ 32 ಬಿಟ್‌ಗಳಲ್ಲಿ ಗೂಢಪಠ್ಯಗಳು ಒಂದೇ ಆಗಿರಬೇಕು. ಮನಬಂದ ಜೋಡಿಯೊಂದು ಈ ಪರೀಕ್ಷೆಯನ್ನು ದಾಟುವ ಸಂಭವನೀಯತೆ 2⁻³² ಮಾತ್ರ. ಇಷ್ಟಕ್ಕೇ ನಿಲ್ಲಬೇಕಾಗಿಲ್ಲ. ಎಸ್-ಬಾಕ್ಸ್‌ಗೆ ವ್ಯತ್ಯಾಸ 1 ತಲುಪಿದರೆ ಹೊರಗೆ 3, 7, 9, 13 ಮಾತ್ರ ಬರಬಹುದೆಂದು ಮೇಲೆ ನೋಡಿದ್ದೇವೆ. ಗೂಢಪಠ್ಯದಲ್ಲಿ ಬೇರೆ ವ್ಯತ್ಯಾಸ ಕಂಡರೆ ಆ ಜೋಡಿಯನ್ನು ಕೀಲಿಯ ಗೊಡವೆಯಿಲ್ಲದೆ ಎಸೆಯಬಹುದು.

ಊಹೆಯ ಕ್ರಮ

ಉಳಿದ ಜೋಡಿಗಳ ಮೇಲೆ ಕೀಲಿಯ ಊಹೆ ಆರಂಭವಾಗುತ್ತದೆ. ಇಲ್ಲಿ ಕ್ರಮದ ಮಹತ್ವವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. 2²⁰ ಜೋಡಿಗಳು ಉಳಿದಿವೆ, ಮೂರು ಎಸ್-ಬಾಕ್ಸ್‌ಗಳಿವೆ, ಪ್ರತಿಯೊಂದಕ್ಕೂ 4 ಕೀಲಿಬಿಟ್‌ಗಳು ಬೇಕು, ಸರಿಯಾದ ವ್ಯತ್ಯಾಸ ಬಂತೇ ಎಂದು ನೋಡಿದಾಗ ಪ್ರತಿ ಎಸ್-ಬಾಕ್ಸ್‌ನಲ್ಲಿ ಹದಿನಾರರಲ್ಲಿ ಒಂದು ಜೋಡಿ ಮಾತ್ರ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. 12 ಬಿಟ್‌ಗಳನ್ನೂ ಒಟ್ಟಿಗೆ ಊಹಿಸಿದರೆ 2²⁰ × 2¹² = 2³² ಪರೀಕ್ಷೆಗಳು. ಅದರ ಬದಲು ಮೊದಲ ಎಸ್-ಬಾಕ್ಸ್‌ನ 4 ಬಿಟ್ ಮಾತ್ರ ಊಹಿಸಿದರೆ 2²⁴ ಪರೀಕ್ಷೆ. ಪ್ರತಿ ಊಹೆಗೆ ಉಳಿಯುವುದು 2¹⁶ ಜೋಡಿ. ಉಳಿದವುಗಳ ಮೇಲೆ ಮಾತ್ರ ಮುಂದಿನ 4 ಬಿಟ್ ಊಹಿಸಿದರೆ ಮತ್ತೆ 2²⁴, ಮೂರನೆಯದಕ್ಕೂ ಅಷ್ಟೇ. ಒಟ್ಟು 3 × 2²⁴. ಮೊದಲಿನದಕ್ಕಿಂತ ಇದು ಸುಮಾರು 85 ಪಟ್ಟು ಕಡಿಮೆ. ಅಕ್ಕಿಯನ್ನು ಕಲ್ಲು ಆರಿಸುವ ಮೊದಲು ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸುವುದು ನಮ್ಮ ಮನೆಗಳ ರೂಢಿ. ಒಂದೊಂದು ಕಾಳನ್ನೂ ಕೈಯಲ್ಲಿ ಹಿಡಿದು ಎಲ್ಲ ಪರೀಕ್ಷೆಯನ್ನೂ ಯಾರೂ ಮಾಡುವುದಿಲ್ಲ. ಕಮೀಲಿಯಾ ಮತ್ತು ಮಿಸ್ಟಿ-1 ಸೈಫರ್‌ಗಳನ್ನು ಕುರಿತ 2008ರ ಒಂದು ಸಂಶೋಧನೆಯಲ್ಲಿ ಈ ಕ್ರಮಕ್ಕೆ ಅರ್ಲಿ ಅಬಾರ್ಟ್, ಅಂದರೆ ಮೊದಲೇ ಕೈಬಿಡುವಿಕೆ, ಎಂಬ ಹೆಸರು ಬಂತು.

ಇನ್ನೊಂದು ಹೆಜ್ಜೆ ಮುಂದಿದೆ. ಪ್ರತಿ ಊಹೆಯನ್ನೂ ಪ್ರಯತ್ನಿಸಿ ನೋಡುವ ಬದಲು, ಯಾವ ಒಳಹೊರ ವ್ಯತ್ಯಾಸಕ್ಕೆ ಯಾವ ಸಂಖ್ಯೆಗಳು ಸರಿಹೊಂದುತ್ತವೆ ಎಂಬ ಕೋಷ್ಟಕವನ್ನು ಮೊದಲೇ ಬರೆದಿಟ್ಟುಕೊಂಡರೆ ಕೀಲಿ ನೇರವಾಗಿ ದೊರೆಯುತ್ತದೆ. ಕಿರು ಉದಾಹರಣೆಯಲ್ಲಿ ನಾವು ಮಾಡಿದ್ದೂ ಅದನ್ನೇ: ಹದಿನಾರು ಕೀಲಿಗಳನ್ನು ಪ್ರಯತ್ನಿಸಲಿಲ್ಲ, 0, 1, 4, 5 ಎಂಬ ಪಟ್ಟಿಯನ್ನು ನೋಡಿ ನಾಲ್ಕನ್ನು ಬರೆದುಕೊಂಡೆವು. ಮೇಲಿನ ಕಲ್ಪಿತ ಲೆಕ್ಕದಲ್ಲಿ ಪ್ರತಿ ಜೋಡಿಗೆ ಪ್ರತಿ ಎಸ್-ಬಾಕ್ಸ್‌ನಲ್ಲಿ ಸರಾಸರಿ ಒಂದೇ ಅಭ್ಯರ್ಥಿ ಉಳಿಯುವುದರಿಂದ, ಕೋಷ್ಟಕವಿದ್ದರೆ ಪ್ರತಿ ಹಂತದ ವೆಚ್ಚ 2²⁴ರಿಂದ 2²⁰ರ ಆಸುಪಾಸಿಗೆ ಇಳಿಯುತ್ತದೆ.

ಸೇರ್ಪಡೆ ಸುತ್ತುಗಳು ಎರಡು ಅಥವಾ ಹೆಚ್ಚಾದಾಗ ತೊಡಕು ಹೆಚ್ಚುತ್ತದೆ. ಒಳಸುತ್ತಿನ ಒಂದು ಎಸ್-ಬಾಕ್ಸ್‌ನ ಬೆಲೆ ತಿಳಿಯಲು ಹೊರಸುತ್ತಿನ ನಾಲ್ಕು ಎಸ್-ಬಾಕ್ಸ್‌ಗಳ ಬೆಲೆ ಬೇಕು. ಅವುಗಳಲ್ಲಿ ಕೆಲವಕ್ಕೆ ವ್ಯತ್ಯಾಸವೇ ಇರುವುದಿಲ್ಲ. ವ್ಯತ್ಯಾಸವಿಲ್ಲದ ಎಸ್-ಬಾಕ್ಸ್ ಯಾವ ಜೋಡಿಯನ್ನೂ ಸೋಸುವುದಿಲ್ಲ, ಕೀಲಿಬಿಟ್‌ಗಳನ್ನು ಮಾತ್ರ ಕೇಳುತ್ತದೆ. ಸೋಸುವ ಎಸ್-ಬಾಕ್ಸ್‌ಗಳನ್ನು ಮೊದಲು, ಕೇವಲ ಖರ್ಚಿನವುಗಳನ್ನು ಕೊನೆಗೆ ಇಡಬೇಕೆಂಬುದು ಸಾಮಾನ್ಯ ನಿಯಮ; ಆದರೆ ಖರ್ಚಿನ ಒಂದು ಎಸ್-ಬಾಕ್ಸ್ ಮುಗಿದ ಮೇಲೆಯೇ ಬಲವಾದ ಸೋಸುವಿಕೆ ತೆರೆದುಕೊಳ್ಳುವ ಸಂದರ್ಭಗಳೂ ಇವೆ. ಇಪ್ಪತ್ತು ಎಸ್-ಬಾಕ್ಸ್‌ಗಳಿದ್ದರೆ ಸಾಧ್ಯವಿರುವ ಕ್ರಮಗಳು ಕೈಯಿಂದ ಪರಿಶೀಲಿಸಲಾಗದಷ್ಟು.

ಕೀಲಿ ತಯಾರಿಕೆಯ ಸರಳತೆ

ಪ್ರೆಸೆಂಟ್-80ರಲ್ಲಿ 80 ಬಿಟ್ ಕೀಲಿಯನ್ನು ಪ್ರತಿ ಸುತ್ತಿಗೂ 61 ಸ್ಥಾನ ಎಡಕ್ಕೆ ತಿರುಗಿಸಿ, ಎಡತುದಿಯ 4 ಬಿಟ್‌ಗಳನ್ನು ಎಸ್-ಬಾಕ್ಸ್ ಮೂಲಕ ಹಾಯಿಸಿ, ಸುತ್ತಿನ ಕ್ರಮಸಂಖ್ಯೆಯನ್ನು ಬೆರೆಸಲಾಗುತ್ತದೆ. ಎಡಗಡೆಯ 64 ಬಿಟ್‌ಗಳೇ ಆ ಸುತ್ತಿನ ಕೀಲಿ. ಹೀಗಾಗಿ ಅಕ್ಕಪಕ್ಕದ ಎರಡು ಸುತ್ತುಗಳ ಕೀಲಿಗಳು ಒಟ್ಟು 128 ಬಿಟ್ ಎನಿಸಿದರೂ ಅವುಗಳಲ್ಲಿ ಸ್ವತಂತ್ರವಾದವು 80ಕ್ಕಿಂತ ಹೆಚ್ಚಿರಲಾರವು. ಒಂದು ಕಡೆ ಊಹಿಸಿದ ಬಿಟ್ ಇನ್ನೊಂದು ಕಡೆ ಪುಕ್ಕಟೆಯಾಗಿ ಸಿಗುತ್ತದೆ. ಪಥದ ಮುಂದಿನ ಸುತ್ತಿನ ಬಿಟ್‌ಗೂ ಹಿಂದಿನ ಸುತ್ತಿನ ಬಿಟ್‌ಗೂ ಸಂಬಂಧವಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ.

ಗಿಫ್ಟ್-64 ಇನ್ನೊಂದು ರೀತಿ. ಅದರಲ್ಲಿ ಪ್ರತಿ ಸುತ್ತಿಗೆ 64 ಬಿಟ್ ಸ್ಥಿತಿಯ ಅರ್ಧಕ್ಕೆ, ಅಂದರೆ 32 ಬಿಟ್‌ಗಳಿಗೆ, ಮಾತ್ರ ಕೀಲಿ ಬೆರೆಯುತ್ತದೆ. ಜಾಗ ಉಳಿಸಲು ಮಾಡಿದ ಈ ಏರ್ಪಾಡು ವಿಶ್ಲೇಷಕನಿಗೂ ಅನುಕೂಲವೇ: ಪ್ರತಿ ಸೇರ್ಪಡೆ ಸುತ್ತಿನಲ್ಲಿ ಊಹಿಸಬೇಕಾದ ಬಿಟ್‌ಗಳು ಕಡಿಮೆ. ಇದರ ಸುತ್ತುಗಳ ಸಂಖ್ಯೆ 28.

ಯಶಸ್ಸಿನ ಅಂದಾಜು

ಎಷ್ಟು ಸರಿಜೋಡಿಗಳು ಬೇಕು ಎಂಬುದಕ್ಕೆ ಬಿಹಾಮ್ ಮತ್ತು ಶಮೀರ್ ಸಂಕೇತ-ಗದ್ದಲ ಅನುಪಾತವೆಂಬ ಅಳತೆಯನ್ನು ಕೊಟ್ಟರು. ನಿಜವಾದ ಕೀಲಿಯ ಎಣಿಕೆಗೂ ಸುಳ್ಳುಕೀಲಿಯೊಂದರ ಸರಾಸರಿ ಎಣಿಕೆಗೂ ಇರುವ ಪ್ರಮಾಣವಿದು. ಅನುಪಾತ 1ರಿಂದ 2ರ ಆಸುಪಾಸಿನಲ್ಲಿದ್ದರೆ 20ರಿಂದ 40 ಸರಿಜೋಡಿಗಳು ಬೇಕಾಗುವುವೆಂದೂ, ಅನುಪಾತ ತುಂಬ ಹೆಚ್ಚಿದ್ದರೆ ಮೂರು ನಾಲ್ಕು ಸಾಕೆಂದೂ ಅವರು ಕಂಡರು. ಒಳ್ಳೆಯ ಸೋಸುವಿಕೆ ಈ ಅನುಪಾತವನ್ನೇ ಏರಿಸುತ್ತದೆ. ಮುಂದೆ 2008ರಲ್ಲಿ ಅಲಿ ಐದಿನ್ ಸೆಲ್ಚುಕ್ ಯಶಸ್ಸಿನ ಸಂಭವನೀಯತೆಗೆ ಹೆಚ್ಚು ನಿಖರವಾದ ಸೂತ್ರವನ್ನು ಪ್ರಕಟಿಸಿದರು.

ಯಂತ್ರದ ನೆರವು

ವ್ಯತ್ಯಾಸಪಥಗಳನ್ನು ಹುಡುಕಲು ಗಣಕತಂತ್ರಾಂಶಗಳು ಬಹುಕಾಲದಿಂದ ಬಳಕೆಯಲ್ಲಿದ್ದರೂ ಕೀಲಿಪತ್ತೆ ಬಹುಮಟ್ಟಿಗೆ ಕೈಕೆಲಸವಾಗಿಯೇ ಉಳಿದಿತ್ತು. ಅದು ಬೇಸರದ್ದು, ತಪ್ಪಿಗೆ ಎಡೆಕೊಡುವಂಥದ್ದು. 2024ರ ಯೂರೋಕ್ರಿಪ್ಟ್ ಸಮ್ಮೇಳನದಲ್ಲಿ ಕ್ರಿಸ್ಟಿನಾ ಬೂರಾ, ನಿಕೊಲಾ ದಾವಿದ್, ಪ್ಯಾಟ್ರಿಕ್ ಡೆರ್ಬೆ, ರಾಶೆಲ್ ಹೈಮ್ ಬ್ವಾಸಿಯೆ ಮತ್ತು ಮರಿಯಾ ನಾಯಾ-ಪ್ಲಾಸೆನ್ಸಿಯಾ ಇದನ್ನು ಯಂತ್ರಕ್ಕೆ ವಹಿಸುವ ಒಂದು ವಿಧಾನವನ್ನು ಮಂಡಿಸಿದರು. ಪಥವನ್ನು ಕೊಟ್ಟರೆ, ಯಾವ ಎಸ್-ಬಾಕ್ಸ್‌ಗಳನ್ನು ಯಾವ ಕ್ರಮದಲ್ಲಿ ಬಿಡಿಸಬೇಕೆಂಬ ಯೋಜನೆಯನ್ನು ಅವರ ತಂತ್ರಾಂಶ ಹೆಚ್ಚಿನ ಸಂದರ್ಭಗಳಲ್ಲಿ ಒಂದು ಸೆಕೆಂಡಿನಷ್ಟರಲ್ಲಿ ಕೊಡುತ್ತದೆ. ಬಿಟ್‌ಗಳ ಸ್ಥಾನಪಲ್ಲಟವನ್ನು ಬಳಸುವ, ಕೀಲಿ ತಯಾರಿಕೆ ರೇಖೀಯವಾಗಿರುವ ಅಥವಾ ಹೆಚ್ಚುಕಡಿಮೆ ಹಾಗಿರುವ ಸೈಫರ್‌ಗಳಿಗೆ ಇದು ಅನ್ವಯಿಸುತ್ತದೆ.

ಇದರ ನೆರವಿನಿಂದ ಪ್ರೆಸೆಂಟ್-80ರ ಮೇಲಿನ ಹಿಂದಿನ ಅತ್ಯುತ್ತಮ ಡಿಫರೆನ್ಷಿಯಲ್ ದಾಳಿಗೆ 2 ಸುತ್ತುಗಳೂ, 25 ಸುತ್ತುಗಳ ರೆಕ್ಟ್ಯಾಂಗಲ್-128ರ ಮೇಲಿನ ಅತ್ಯುತ್ತಮ ದಾಳಿಗೆ 1 ಸುತ್ತೂ ಸೇರಿದವು. ಗಿಫ್ಟ್-64ರ ಕೀಲಿಪತ್ತೆಯೂ ಅಗ್ಗವಾಯಿತು. ಇದಕ್ಕೆ ಮೊದಲು, 2020ರಲ್ಲಿ, ಆಂಟೋನಿಯೊ ಫ್ಲೋರೆಸ್-ಗುಟಿಯೆರೆಸ್ ಮತ್ತು ನಾಯಾ-ಪ್ಲಾಸೆನ್ಸಿಯಾ ರೇಖೀಯ ದಾಳಿ ಎಂಬ ಬೇರೊಂದು ಬಗೆಯಲ್ಲಿ ಕೀಲಿಪತ್ತೆಯನ್ನು ಸುಧಾರಿಸಿ ಪ್ರೆಸೆಂಟ್‌ನ 28 ಸುತ್ತುಗಳನ್ನು ತಲುಪಿದ್ದರು. ಆದ್ದರಿಂದ ಪ್ರೆಸೆಂಟ್‌ನ ನಿಜವಾದ ಭದ್ರತಾ ಅಂತರವನ್ನು ಹೇಳುವಾಗ ಡಿಫರೆನ್ಷಿಯಲ್ ದಾಳಿಯ ಅಂಕಿಯೊಂದನ್ನೇ ನೋಡಬಾರದು. 2020ರ ಆ ದಾಳಿಯ ನಂತರ 31ರಲ್ಲಿ ಉಳಿದಿದ್ದದ್ದು 3 ಸುತ್ತು.

ಮಿತಿಗಳು

ಪಥದ ಸಂಭವನೀಯತೆಯನ್ನು ಲೆಕ್ಕ ಹಾಕುವಾಗ ಒಂದೊಂದು ಸುತ್ತಿನ ಸಂಭವನೀಯತೆಗಳನ್ನು ಸುಮ್ಮನೆ ಗುಣಿಸಲಾಗುತ್ತದೆ. ಸುತ್ತುಗಳು ಪರಸ್ಪರ ಸ್ವತಂತ್ರವೆಂಬ ಊಹೆ ಅದರ ಹಿಂದಿದೆ. ಅದು ಎಲ್ಲೆಡೆ ನಿಜವಲ್ಲ. 2023ರಲ್ಲಿ ಬೂರಾ, ದಾವಿದ್, ಹೈಮ್ ಬ್ವಾಸಿಯೆ ಮತ್ತು ನಾಯಾ-ಪ್ಲಾಸೆನ್ಸಿಯಾ ಅವರು ಸ್ಪೀಡಿ-7-192 ಎಂಬ ಅತಿವೇಗದ ಸೈಫರಿನ ಎಲ್ಲ 7 ಸುತ್ತುಗಳ ಮೇಲೆ ದಾಳಿಯನ್ನು ಪ್ರಕಟಿಸಿದ್ದರು. ಮರುವರ್ಷ ಟಿಮ್ ಬೈನೆ ಮತ್ತು ಆಡಿ ನೈಟ್ ಒಂದು ಟಿಪ್ಪಣಿಯಲ್ಲಿ, ಆ ದಾಳಿಗೆ ಆಧಾರವಾದ ಮುಖ್ಯ ಪಥದ ಸಂಭವನೀಯತೆ ಸೊನ್ನೆ ಎಂದು ತೋರಿಸಿದರು. ಅಂದರೆ ಆ ಪಥದಲ್ಲಿ ಯಾವ ಜೋಡಿಯೂ ಎಂದೂ ಸಾಗಲಾರದು. ಅದರ ಮೇಲೆ ಎಷ್ಟು ನಾಜೂಕಾದ ಕೀಲಿಪತ್ತೆಯನ್ನು ಕಟ್ಟಿದರೂ ಸರಿಜೋಡಿ ದೊರೆಯದು. 2⁶⁴ರಂಥ ಪ್ರಮಾಣದ ದಾಳಿಯನ್ನು ನಡೆಸಿ ನೋಡಲಾಗದ ಕಾರಣ ಇಂಥ ತಪ್ಪುಗಳು ಪ್ರಯೋಗದಲ್ಲಿ ಸಿಕ್ಕಿಬೀಳುವುದಿಲ್ಲ. ಕಡಿಮೆ ಸುತ್ತುಗಳ ರೂಪದ ಮೇಲೆ ದಾಳಿಯ ತುಣುಕುಗಳನ್ನಾದರೂ ಗಣಕದಲ್ಲಿ ಓಡಿಸಿ ತಾಳೆ ನೋಡುವುದು ಇದಕ್ಕಾಗಿಯೇ ಅಗತ್ಯ.

ಬಳಕೆದಾರರ ದೃಷ್ಟಿಯಿಂದ

ಈ ದಾಳಿಗಳು ಸುತ್ತು ತಗ್ಗಿಸಿದ ಸೈಫರ್‌ಗಳ ಮೇಲಿನವು. ಪೂರ್ಣ ಪ್ರೆಸೆಂಟ್, ಗಿಫ್ಟ್ ಅಥವಾ ರೆಕ್ಟ್ಯಾಂಗಲ್ ಇವುಗಳಿಂದ ಮುರಿದಿಲ್ಲ. ಅವುಗಳ ವೆಚ್ಚವೂ ಊಹೆಗೆ ಮೀರಿದ್ದು. 2⁶⁴ ಗೂಢಪಠ್ಯಗಳನ್ನು ಕೂಡಿಡಲು ಸುಮಾರು 14.7 ಕೋಟಿ ಟೆರಾಬೈಟ್ ಜಾಗ ಬೇಕು, ಅದೂ ಎಲ್ಲವನ್ನೂ ಒಂದೇ ಕೀಲಿಯಿಂದ ಗೂಢೀಕರಿಸಿರಬೇಕು. 80 ಬಿಟ್ ಕೀಲಿಗಳನ್ನು ಒಂದೊಂದಾಗಿ ಹುಡುಕುವುದಾದರೆ ಪ್ರಯತ್ನಗಳ ಸಂಖ್ಯೆ ಸುಮಾರು 12ರ ಮುಂದೆ 23 ಸೊನ್ನೆ ಇಟ್ಟಷ್ಟು.

ಆದರೂ ಮಾನಕ ಸಂಸ್ಥೆಗಳು ಸೈಫರನ್ನು ಆರಿಸುವಾಗ, ಅದುವರೆಗಿನ ಅತ್ಯುತ್ತಮ ದಾಳಿ ತಲುಪಿದ ಸುತ್ತಿಗೂ ಪೂರ್ಣ ಸುತ್ತುಗಳಿಗೂ ಇರುವ ಅಂತರವನ್ನು ಗಮನಿಸುತ್ತವೆ. ಒಮ್ಮೆ ಚಿಪ್ಪಿನಲ್ಲಿ ಕೆತ್ತಿದ ಸೈಫರನ್ನು ಹಿಂದಕ್ಕೆ ಪಡೆಯಲಾಗದು. ಅಮೆರಿಕದ ಮಾನಕ ಸಂಸ್ಥೆ ಎನ್ಐಎಸ್‌ಟಿ ಹಲವು ವರ್ಷಗಳ ಸ್ಪರ್ಧೆಯ ನಂತರ 2023ರ ಫೆಬ್ರುವರಿಯಲ್ಲಿ ಹಗುರ ಗೂಢಲಿಪಿಗಾಗಿ ಆಸ್ಕಾನ್ ಎಂಬ ವಿನ್ಯಾಸವನ್ನು ಆರಿಸಿತು. ಗಿಫ್ಟ್ ಸೈಫರನ್ನು ಆಧರಿಸಿದ ಗಿಫ್ಟ್-ಕಾಫ್ಬ್ ಆ ಸ್ಪರ್ಧೆಯ ಅಂತಿಮ ಹತ್ತರಲ್ಲಿ ಒಂದಾಗಿತ್ತು.